ವಿದ್ಯಾರ್ಥಿನಿಲಯದ ಗೋಷ್ಠಿಗಳು

ಗುರುವಿನ ಸಮೀಪದಲ್ಲಿ ವಾಸಿಸುವ ಶಿಷ್ಯನಿಗೆ ಅಂತೇವಾಸಿಯೆಂದು ಹೆಸರು. ಈ ಶಬ್ದದಲ್ಲಿ ಓದಿಗಿಂತಲೂ ವಾಸವೇ ಪ್ರಧಾನವಾಗಿರುವುದನ್ನು ಗಮನಿಸಬೇಕು. ಕೂಡಿ ವಾಸಮಾಡುವುದೂ ವಿದ್ಯೆಗೆ ಒಂದು ಸಾಧನವೆಂಬುದು ಇದರ ತಾತ್ಪರ್ಯವು. ಈಗಿನ ಕಾಲೇಜುಗಳ ವಿದ್ಯಾರ್ಥಿನಿಲಯಗಳಲ್ಲಿಯಾದರೋ ಹಬ್ಬ, ಸ್ವಾಗತ, ಬೀಳ್ಕೊಡುಗೆ ಮೊದಲಾದ ಕೂಟಗಳು ಬಹುಮಟ್ಟಿಗೆ ವಿನೋದಮಾತ್ರದಲ್ಲಿ ಮುಗಿಯುತ್ತವೆ. ಇವುಗಳಿಗೆ ವಿದ್ಯಾಸಂಬಂಧವನ್ನು ಕಲ್ಪಿಸುವ ಬಗೆ ಹೇಗೆಂಬುದು ಇಲ್ಲಿ ವಿಚಾರಣೀಯವು.

ಕನ್ನಡನಾಡಿನಲ್ಲಿ ಇದಕ್ಕೆ ಪ್ರಾಚೀನವಾದ ನಿದರ್ಶನವುಂಟು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯನ್ನು ಕ್ರಿ. ಶ. 945ರ ಶಾಸನವು ವರ್ಣಿಸುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳೂ, ದೀಪದೆಣ್ಣೆಗೆ ಪ್ರತ್ಯೇಕ ಭೂಮಿಯೂ ದತ್ತವಾಗಿದ್ದವು. ಇಷ್ಟೇ ಅಲ್ಲದೆ ಊರಿನಲ್ಲಿ ಮದುವೆಯಾದಾಗ 5 ನಾಣ್ಯಗಳನ್ನೂ, ಉಪನಯನಕ್ಕೆ ಅದರ ಅರ್ಧವನ್ನೂ, ಚೌಲಕ್ಕೆ ಇನ್ನೂ ಕಡಿಮೆಯಾದುದನ್ನೂ ಶಾಲೆಗೆ ಸಲ್ಲಿಸಬೇಕಾಗಿತ್ತು. ಊರಿನ ಉತ್ಸವಕ್ಕೂ ಶಾಲೆಯ ಜೀವನಕ್ಕೂ ಹೀಗೆ ಗಂಟು ಬಿದ್ದಿತ್ತು. ಆದರೆ ಆ ಶಾಲೆಯು ವೇದಾಧಿಕಾರವುಳ್ಳವರಿಗೆ ಮಾತ್ರ ಮೀಸಲಾಗಿದ್ದುದನ್ನು ಮರೆಯಲಾಗದು. ಇಂದಿನ ನಿಲಯದ ಪಂಕ್ತಿಯು ಅದಕ್ಕಿಂತ ವಿಶಾಲವಾಗಿರತಕ್ಕದ್ದು.

ಪಾಶ್ಚಾತ್ಯರಲ್ಲಿಯೂ ಈ ವಿಚಾರವು ನಡೆದಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ಸನ ದ್ರವ್ಯಸಹಾಯದಿಂದ 1930ರಲ್ಲಿ ಹೊಸ ನಿವಾಸಗಳು ತೆರೆಯಲ್ಪಟ್ಟವು. ಪ್ರತಿಯೊಂದು ನಿವಾಸಕ್ಕೂ ಸ್ವಂತ ಪುಸ್ತಕಾಲಯ, ಭೋಜನಶಾಲೆಗಳನ್ನು ಏರ್ಪಡಿಸಿ, ಬೋಧಕರಿಗೂ ನಿವಾಸದ ಜೀವನದಲ್ಲಿ ಸ್ಥಾನವನ್ನು ಕೊಟ್ಟರು. ಪಾಠದ ಮಾತು ಊಟದ ಮನೆಗೂ ಬರಲೆಂಬುದೇ ಇದರ ಆಶಯವು.

ಕಾರ್ಯಕ್ರಮವನ್ನು ಯೋಜಿಸುವಾಗ ಪೂರ್ವಾಂಗ, ಪ್ರಧಾನ, ಉತ್ತರಾಂಗವೆಂದು ಮೂರು ಭಾಗಗಳನ್ನು ಮಾಡಿಕೊಳ್ಳಬಹುದು. ಮಕರಸಂಕ್ರಾಂತಿಯನ್ನೇ ಉದಾಹರಣೆಗೆ ತೆಗೆದುಕೊಂಡರೆ, ಸೂರ್ಯನು ನಿಜವಾಗಿ ಉತ್ತರಾಭಿಮುಖನಾಗುವುದು ಡಿಸೆಂಬರ್ 21 ಅಥವಾ 22ರಂದು. ಹಬ್ಬವಾದರೋ ಜನವರಿ 14 ಅಥವಾ 15ಕ್ಕೆ ಬರುತ್ತದೆ. ವಿಷುವದ್ಬಿಂದುವು ವರ್ಷಕ್ಕೆ ಸುಮಾರು 50 ವಿಕಲೆಗಳಷ್ಟು, ಎಂದರೆ 72 ವರ್ಷಗಳಿಗೆ ಒಂದು ಅಂಶದಷ್ಟು, ಹಿಂದೆ ಸರಿಯುವುದೇ ಈ ಅಂತರಕ್ಕೆ ಕಾರಣವು. ವಿಜ್ಞಾನದ ವಿದ್ಯಾರ್ಥಿಯು ಇದನ್ನು ಒಂದು ದೀಪವನ್ನೂ ಬುಗುರಿಯನ್ನೂ ಇಟ್ಟು ತೋರಿಸಲಿ. ಒಕ್ಕಲು ಮನೆತನದವನು ಸುಗ್ಗಿಯ ಕಣದ ಪದ್ಧತಿಗಳನ್ನು ತಿಳಿಸಲಿ. ಬೇರೆ ಪ್ರಾಂತದವನು ತನ್ನ ಕಡೆಯ ಆಚಾರವನ್ನು ಹೇಳಲಿ. ಇದು ಪೂರ್ವಾಂಗವು. ಎಳ್ಳುಬೆಲ್ಲ, ಹಾಡು, ಭೋಜನಗಳು ಪ್ರಧಾನವು. ಮರುದಿನ ಖರ್ಚಿನ ಲೆಕ್ಕವನ್ನು ಎಲ್ಲರ ಮುಂದಿಟ್ಟು, ಕೇಳಿದ್ದರಲ್ಲಿ ಉಳಿದ ಸಂಶಯಗಳನ್ನು ಚರ್ಚಿಸುವುದು ಉತ್ತರಾಂಗವು. ಇದಕ್ಕೆ ಹೆಚ್ಚಿನ ಹಣವೇನೂ ಬೇಕಾಗದು.

ಹೀಗಾದರೆ ವಿನೋದವು ಕೆಟ್ಟು, ನಿಲಯವೂ ತರಗತಿಯಾಗುವುದೆಂದು ಆಕ್ಷೇಪಿಸಬಹುದು. ಉಪನ್ಯಾಸಕ್ಕಾಗಿ ಅನ್ನವು ಆರಬಾರದೆಂಬುದು ನಿಜವೇ. ಆದರೆ ಮಾತನಾಡತಕ್ಕವರು ವಿದ್ಯಾರ್ಥಿಗಳೇ; ಗುರುವು ಪಂಕ್ತಿಯಲ್ಲಿ ಕುಳಿತ ಹಿರಿಯನು ಮಾತ್ರ. ಹಾಜರಿಯ ಪಟ್ಟಿಯಾಗಲಿ ಅಂಕಗಳಾಗಲಿ ಇಲ್ಲದಿರುವಲ್ಲಿ ತರಗತಿಯ ಭಯಕ್ಕೆ ಎಡೆಯಿಲ್ಲ.

ಇದರಿಂದಾಗುವ ಪ್ರಯೋಜನವು ಅಲ್ಪವಲ್ಲ. ಮನೆತನದಲ್ಲಿ ಮೊದಲನೆಯವನಾಗಿ ಕಾಲೇಜಿಗೆ ಬಂದ ಹಳ್ಳಿಯ ಹುಡುಗನು ತರಗತಿಯಲ್ಲಿ ಬಾಯಿಬಿಡಲು ಅಂಜುತ್ತಾನೆ. ತಾನು ಬಲ್ಲ ಕಣದ ಮಾತನ್ನು ಪಟ್ಟಣದ ಸಹಪಾಠಿಗಳು ಕುತೂಹಲದಿಂದ ಕೇಳಿದ ದಿನ ಅವನಿಗೆ ಧೈರ್ಯವುಂಟಾಗುತ್ತದೆ. ಅವರಿಗೂ ತಮ್ಮ ತಿಳಿವಳಿಕೆಯ ಮಿತಿಯು ಗೋಚರಿಸುತ್ತದೆ. ಕಾರ್ಯಕ್ರಮದ ಸಾರ್ಥಕತೆಯನ್ನು ಸೇರಿದವರ ಸಂಖ್ಯೆಯಿಂದ ಅಳೆಯಲಾಗದು. ಮೂಲೆಯಲ್ಲಿ ಕುಳಿತಿದ್ದವನಿಗೆ ಅಂದು ಮಾತು ಬಂದಿತೇ, ಮರುದಿನದ ಊಟದಲ್ಲಿ ಆ ಮಾತು ಮುಂದುವರಿಯಿತೇ ಎಂಬುದೇ ಅದಕ್ಕೆ ಒರೆಗಲ್ಲು.