ಸಂಧಿವಾತ: ಹೆಣ್ಣಿಗೇಕೆ ಹೆಚ್ಚು?

ಬೆಳಿಗ್ಗೆ ಎದ್ದೊಡನೆ ಕೈಬೆರಳು ಮಡಚಲು ಬರುವುದಿಲ್ಲ. ಹಿಟ್ಟು ನಾದಿ ರೊಟ್ಟಿ ಬಡಿಯಬೇಕಾದರೆ ಗಂಟೆ ಹೊತ್ತು ಕಾಯಬೇಕು. ರೋಣ, ನರಗುಂದ, ಗಜೇಂದ್ರಗಡದ ಕಡೆ ಹೀಗೆನ್ನುವ ಹೆಣ್ಣುಮಗಳಿಗೆ ‘ವಾಯು ಆಗೈತಿ, ಹೋಗ್ತೈತಿ ಬಿಡು’ ಎಂಬ ಸಮಾಧಾನವೇ ಹೆಚ್ಚಾಗಿ ಸಿಗುವುದು. ಆದರೆ ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಂಡು, ಈ ಬಿಗಿತ ಆರು ವಾರ ಮೀರಿದರೆ ಅದು ರುಮಟಾಯ್ಡ್ ಸಂಧಿವಾತವಿರಬಹುದು.

ವಯಸ್ಸಾದಂತೆ ಮೊಣಕಾಲು ಸವೆಯುವ ಬೇನೆ ಇದಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಇಲ್ಲಿ ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು-ಮೂರು ಪಟ್ಟು ಹೆಚ್ಚು. ಕಾರಣವೇನು?

ಈ ರೋಗಕ್ಕೆ ದಾರಿಮಾಡುವ ಮುಖ್ಯ ವಂಶವಾಹಿ ಆರನೆಯ ವರ್ಣತಂತುವಿನಲ್ಲಿದೆ. ಅದರ ಅಪಾಯಕಾರಿ ರೂಪಗಳಿಗೆ ಸಾಮಾನ್ಯವಾದ ಒಂದು ತುಣುಕನ್ನು ಪೀಟರ್ ಗ್ರೆಗರ್ಸನ್ ಮತ್ತು ಸಂಗಡಿಗರು 1987ರಲ್ಲಿ ಗುರುತಿಸಿದರು. ಆದರೆ ಆರನೆಯ ವರ್ಣತಂತು ಹೆಣ್ಣು-ಗಂಡು ಇಬ್ಬರಲ್ಲೂ ಜೋಡಿಯಾಗಿಯೇ ಇರುತ್ತದೆ. ವ್ಯತ್ಯಾಸ ಬೇರೆಡೆ ಇರಬೇಕು.

ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳು, ಗಂಡಿಗೆ ಒಂದೇ. ರೋಗನಿರೋಧಕ ಕೆಲಸದ ಹಲವು ವಂಶವಾಹಿಗಳು ಎಕ್ಸ್‌ನಲ್ಲಿವೆ. ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಒಂದು ಎಕ್ಸ್ ಸುಮ್ಮನಾಗುತ್ತದೆಂದು ಮೇರಿ ಲಯನ್ 1961ರಲ್ಲಿ ಸೂಚಿಸಿದರು. ಆದರೆ ಆ ಮೌನ ಪೂರ್ಣವಲ್ಲ. ಕೆಲವು ವಂಶವಾಹಿಗಳು ಎರಡೂ ಕಡೆ ದುಡಿಯುತ್ತಲೇ ಇರುತ್ತವೆ. ಹೀಗಾಗಿ ಹೆಣ್ಣಿನ ರಕ್ಷಣಾ ವ್ಯವಸ್ಥೆ ಸೋಂಕಿನ ವಿರುದ್ಧ ಚುರುಕು, ಒಮ್ಮೊಮ್ಮೆ ತನ್ನ ದೇಹದ ಮೇಲೂ ಚುರುಕು ಎಂದು ವಿಜ್ಞಾನಿಗಳು ಭಾವಿಸುತ್ತಾರೆ.

ಹಾರ್ಮೋನುಗಳ ಪಾತ್ರವೂ ಇದೆ. ಬಸಿರಿನಲ್ಲಿ ಈ ನೋವು ಇಳಿಯುವುದನ್ನು ಅಮೆರಿಕದ ವೈದ್ಯ ಫಿಲಿಪ್ ಹೆಂಚ್ 1938ರಲ್ಲಿ ವರದಿ ಮಾಡಿದರು. ಹೆರಿಗೆಯ ನಂತರ ಅನೇಕರಲ್ಲಿ ಅದು ಮರುಕಳಿಸುತ್ತದೆ. ಕೆಲವರಲ್ಲಿ ಮೊದಲು ಕಾಣಿಸಿಕೊಳ್ಳುವುದೂ ಆಗಲೇ. ತವರಿನಲ್ಲಿ ಅದನ್ನು ಬಾಣಂತಿಯ ಥಂಡಿ ಎಂದು ಬಿಟ್ಟರೆ ಅಮೂಲ್ಯ ತಿಂಗಳುಗಳು ಕಳೆದುಹೋಗುತ್ತವೆ.

ಹಾಗೆಂದು ಗಂಡಸರು ನಿಶ್ಚಿಂತೆಯಿಂದ ಇರುವಂತಿಲ್ಲ. ಗಜೇಂದ್ರಗಡದ ನೇಕಾರನೊಬ್ಬ ಬೆರಳ ನೋವನ್ನು ಮಗ್ಗದ ದುಡಿಮೆಗೆ ಹಚ್ಚಿ ಸುಮ್ಮನಿದ್ದುಬಿಡಬಹುದು. ಅಪಾಯದ ವಂಶವಾಹಿ ಇರುವವರು ಬೀಡಿ, ಸಿಗರೇಟು ಸೇದಿದರೆ ರೋಗದ ಸಂಭವ ಇನ್ನಷ್ಟು ಏರುತ್ತದೆ.

ಇನ್ನೊಂದು ಮಾತು. ವಂಶವಾಹಿಯೇ ಹಣೆಬರಹವಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಈ ರೋಗ ಬಂದರೂ ಇನ್ನೊಬ್ಬರಿಗೆ ಬರುವುದು 100ಕ್ಕೆ ಸುಮಾರು 15ರಷ್ಟು ಮಾತ್ರ. ತಾಯಿಯ ಸಂಧಿವಾತ ಮಗಳ ಮದುವೆಗೆ ಅಡ್ಡಿಯಾಗಬೇಕಿಲ್ಲ.

ಮೊದಲ ಕೆಲವು ತಿಂಗಳಲ್ಲೇ ಚಿಕಿತ್ಸೆ ಆರಂಭಿಸಿದರೆ ಕೀಲು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಗದಗ ಅಥವಾ ಹುಬ್ಬಳ್ಳಿಯಲ್ಲಿ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿ. ವಾರಕ್ಕೊಮ್ಮೆ ಕೊಡುವ ಮೆಥೋಟ್ರೆಕ್ಸೇಟ್ ಗರ್ಭಕ್ಕೆ ಹಾನಿಕರವಾದ್ದರಿಂದ, ಮಗುವನ್ನು ಬಯಸುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ನಾಳೆ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಯಾರಾದರೂ ಬೆರಳು ಮಡಚಲು ತಿಣುಕಿದರೆ, ಎಷ್ಟು ದಿನದಿಂದ ಹೀಗೆ ಎಂದು ಕೇಳಿ.