ಕರುಣೆಯೆಂಬ ಚಿಕಿತ್ಸೆ

ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಕರುಣವೆಂದೊಡನೆ ಶೋಕವನ್ನು ಸ್ಥಾಯಿಯಾಗಿ ಉಳ್ಳ ರಸವು ನೆನಪಿಗೆ ಬರುವುದು ಸಹಜ. ಬೌದ್ಧರ ಕರುಣೆಯಾದರೋ ಬೇರೆ. ಮೈತ್ರಿ, ಮುದಿತೆ, ಉಪೇಕ್ಷೆಗಳೊಡನೆ ಎಣಿಸಲ್ಪಡುವ ಅದು ಅಭ್ಯಾಸದಿಂದ ಬೆಳೆಸಿಕೊಳ್ಳತಕ್ಕ ಚಿತ್ತವೃತ್ತಿ. ಈ ಎರಡನೆಯ ಅರ್ಥದ ಕರುಣೆಯೇ ಈಚಿನ ಒಂದು ಮನೋಚಿಕಿತ್ಸೆಗೆ ಆಧಾರವಾಗಿದೆ. ಅದರ ಸ್ವರೂಪವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗುವುದು.

ಇದನ್ನು ರೂಪಿಸಿದವರು ಇಂಗ್ಲೆಂಡಿನ ಡರ್ಬಿಯ ಮನಶ್ಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್. ರೋಗಿಯ ತಪ್ಪೆಣಿಕೆಗಳನ್ನು ಯುಕ್ತಿಯಿಂದ ತಿದ್ದುವ ಚಿಕಿತ್ಸೆ ಆಗಲೇ ರೂಢಿಯಲ್ಲಿತ್ತು. ಆದರೆ ನಾಚಿಕೆ ಮತ್ತು ಆತ್ಮನಿಂದೆಗಳಲ್ಲಿ ಮುಳುಗಿದ್ದ ಕೆಲವರಿಗೆ ಹೊಸ ವಿಚಾರವು ಬುದ್ಧಿಗೆ ಒಪ್ಪಿದರೂ ಹೃದಯಕ್ಕೆ ಇಳಿಯುತ್ತಿರಲಿಲ್ಲ. ಅವರು ಸಮಾಧಾನದ ಮಾತುಗಳನ್ನು ತಮ್ಮೊಳಗೆ ಯಾವ ದನಿಯಲ್ಲಿ ಹೇಳಿಕೊಳ್ಳುವರೆಂದು ವಿಚಾರಿಸಲು, ಅದು ತಿರಸ್ಕಾರದಿಂದ ಕೂಡಿದ ನಿಷ್ಠುರವಾದ ದನಿಯೆಂದು ತಿಳಿದುಬಂದಿತು. ಕಾಕುವಿನಿಂದ ಅರ್ಥವೇ ಮಾರ್ಪಡುವುದೆಂದು ಕಾವ್ಯಮೀಮಾಂಸಕರು ಬಲ್ಲರು. ಇಲ್ಲಿಯೂ ಹಾಗೆಯೇ ಆಯಿತು. ಆದುದರಿಂದ ಮಾತಿಗಿಂತ ಮೊದಲು ದನಿಯನ್ನು ತಿದ್ದಬೇಕೆಂದು ಗಿಲ್ಬರ್ಟ್ ನಿಶ್ಚಯಿಸಿದರು.

ಅವರ ಮತದಂತೆ ನಮ್ಮ ಭಾವಗಳ ಹಿಂದೆ ಮೂರು ವ್ಯವಸ್ಥೆಗಳಿವೆ: ಅಪಾಯಕ್ಕೆ ಎಚ್ಚರುವುದು ಒಂದು, ಬೇಕಾದುದನ್ನು ಅರಸುವುದು ಇನ್ನೊಂದು, ಆಪ್ತರ ಆಸರೆಯಲ್ಲಿ ನೆಮ್ಮದಿಗೊಳ್ಳುವುದು ಮೂರನೆಯದು. ತನ್ನನ್ನು ತಾನೇ ಹಳಿಯುವವನಲ್ಲಿ ಮೊದಲನೆಯದು ಸದಾ ಜಾಗೃತವಾಗಿದ್ದು, ಮೂರನೆಯದು ದುರ್ಬಲವಾಗಿರುತ್ತದೆ. ನಿಧಾನವಾದ ಉಸಿರಾಟ, ಕರುಣಾಳುವಾದ ವ್ಯಕ್ತಿಯೊಬ್ಬನ ಭಾವನೆ, ತನಗೆ ತಾನೇ ಕಾಗದ ಬರೆದುಕೊಳ್ಳುವುದು ಮೊದಲಾದ ಅಭ್ಯಾಸಗಳು ಅದನ್ನು ಬಲಪಡಿಸತಕ್ಕವು.

2006ರಲ್ಲಿ ಗಿಲ್ಬರ್ಟ್ ಮತ್ತು ಪ್ರಾಕ್ಟರ್ ಪ್ರಕಟಿಸಿದ ಪ್ರಯೋಗದಲ್ಲಿ, ಎರಡೆರಡು ಗಂಟೆಗಳ 12 ಕೂಟಗಳನ್ನು ಮುಗಿಸಿದ 6 ಮಂದಿ ರೋಗಿಗಳಲ್ಲಿ ಖಿನ್ನತೆ, ಆತಂಕ, ನಾಚಿಕೆಗಳು ತಗ್ಗಿದುದು ಕಂಡಿತು. ಹೋಲಿಕೆಗೆ ಬೇರೊಂದು ಗುಂಪಿಲ್ಲದ ಇಷ್ಟು ಚಿಕ್ಕ ಪ್ರಯೋಗದಿಂದ ಸಿದ್ಧಾಂತವನ್ನು ಸ್ಥಾಪಿಸಲಾಗದು; ಅದು ಮುಂದಿನ ಪರೀಕ್ಷೆಗಳಿಗೆ ದಾರಿ ತೋರಿಸಿತೆಂದಷ್ಟೇ ಹೇಳಬಹುದು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಬಾಲ್ಯದಲ್ಲಿ ಅಕ್ಕರೆಯೂ ಪೆಟ್ಟೂ ಒಂದೇ ಕೈಯಿಂದ ಬಂದಿದ್ದವರಿಗೆ ಕರುಣೆಯೇ ಭಯವನ್ನು ಹುಟ್ಟಿಸಬಲ್ಲುದು. ಬಹುಕಾಲ ಹುದುಗಿದ್ದ ದುಃಖವೂ ಅದರೊಡನೆ ಮೇಲೇಳಬಹುದು. ಅಂಥವರಲ್ಲಿ ಚಿಕಿತ್ಸಕನು ಆತುರಪಡದೆ, ಆ ಭಯವನ್ನೇ ಮೊದಲು ಉಪಚರಿಸಬೇಕಾಗುತ್ತದೆ.

ಕರುಣೆಯೆಂದರೆ ತಪ್ಪುಗಳನ್ನು ಮನ್ನಿಸಿಕೊಂಡು ಸುಮ್ಮನಿರುವುದೆಂಬ ಆಕ್ಷೇಪವುಂಟು. ಅದು ನಿಲ್ಲದು. ದುಃಖವನ್ನು ಅರಿಯುವುದು, ಅದನ್ನು ನೀಗಲು ಸಂಕಲ್ಪಿಸುವುದು, ಎರಡೂ ಕೂಡಿದರೆ ಮಾತ್ರ ಅದು ಗಿಲ್ಬರ್ಟರ ಅರ್ಥದಲ್ಲಿ ಕರುಣೆ. ನಮ್ಮ ಮನಸ್ಸು ಹೀಗೆ ರೂಪುಗೊಂಡುದು ನಮ್ಮ ತಪ್ಪಲ್ಲ. ಅದನ್ನು ಪಳಗಿಸುವ ಹೊಣೆ ಮಾತ್ರ ನಮ್ಮದು. ಮರುಕವು ನೋಡಿ ಕಣ್ಣೀರಿಡುತ್ತದೆ. ಕರುಣೆಗೆ ಧೈರ್ಯವೂ ಬೇಕು.