ಆಟದ ಪರೀಕ್ಷೆಗೆ 96 ಶಾಲೆಗಳು

ಓಡಿಯಾಡುವ ಮಕ್ಕಳು ಗಟ್ಟಿಮುಟ್ಟಾಗಿರುತ್ತಾರೆ ಎಂಬುದು ಅಜ್ಜಿಯರಿಗೂ ಗೊತ್ತು. ಆದರೆ ಓಡಿದ್ದರಿಂದ ಗಟ್ಟಿಯಾದರೋ, ಗಟ್ಟಿಯಾಗಿದ್ದರಿಂದ ಓಡಿದರೋ? ತಾವಾಗಿಯೇ ಮೈದಾನಕ್ಕಿಳಿದವರನ್ನು ಮೂಲೆಯಲ್ಲಿ ಕುಳಿತವರೊಡನೆ ಹೋಲಿಸಿದರೆ ಈ ಗಂಟು ಬಿಚ್ಚದು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕು.

ಅಮೆರಿಕದಲ್ಲಿ 1991ರಿಂದ 1994ರವರೆಗೆ ನಡೆದ ‘ಕ್ಯಾಚ್’ ಪ್ರಯೋಗದ ಬಗೆ ಇದೇ. ಕ್ಯಾಲಿಫೋರ್ನಿಯ, ಲೂಯಿಸಿಯಾನ, ಮಿನೆಸೋಟ, ಟೆಕ್ಸಾಸ್‌ಗಳ 96 ಶಾಲೆಗಳು. ಮೂರನೇ ತರಗತಿಯ ಐದು ಸಾವಿರಕ್ಕೂ ಹೆಚ್ಚು ಮಕ್ಕಳು. ಚೀಟಿ ಎತ್ತಿದ್ದು ಮಕ್ಕಳ ಹೆಸರಿಗಲ್ಲ, ಶಾಲೆಗಳ ಹೆಸರಿಗೆ. ಒಂದೇ ತರಗತಿಯಲ್ಲಿ ಅರ್ಧ ಮಕ್ಕಳಿಗೆ ‘ಓಡಿ’, ಉಳಿದವರಿಗೆ ‘ಕೂತಿರಿ’ ಎಂದರೆ ಕೇಳುವವರಾರು? 56 ಶಾಲೆಗಳಲ್ಲಿ ವ್ಯಾಯಾಮದ ತರಗತಿ, ಊಟ, ಆರೋಗ್ಯದ ಪಾಠ ಬದಲಾದವು. 40 ಶಾಲೆಗಳು ಎಂದಿನಂತೆ ನಡೆದವು. ಮಕ್ಕಳು ಹೇಗೂ ಬೆಳೆಯುತ್ತಾರಲ್ಲ. ಆ ಬೆಳವಣಿಗೆಯನ್ನು ವ್ಯಾಯಾಮದ ಲೆಕ್ಕಕ್ಕೆ ಬರೆದುಕೊಳ್ಳದಂತೆ ತಡೆದದ್ದು ಈ 40.

1996ರಲ್ಲಿ ಫಲಿತಾಂಶ ಹೊರಬಿತ್ತು. 56 ಶಾಲೆಗಳ ವ್ಯಾಯಾಮದ ತರಗತಿಯಲ್ಲಿ ಚುರುಕು ಹೆಚ್ಚಿತ್ತು, ಊಟದಲ್ಲಿ ಕೊಬ್ಬು ಇಳಿದಿತ್ತು. ಆದರೆ ಮಕ್ಕಳ ರಕ್ತದೊತ್ತಡ, ಕೊಲೆಸ್ಟರಾಲ್, ದೇಹದ ಗಾತ್ರಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅದನ್ನು ಮುಚ್ಚಿಡದೆ ಪ್ರಕಟಿಸಿದ್ದು ದೊಡ್ಡದು. ಒಂದು ತೊಡಕಂತೂ ಉಳಿಯಿತು: ಊಟ, ಆಟ ಎರಡನ್ನೂ ಒಟ್ಟಿಗೇ ಬದಲಿಸಿದ್ದರಿಂದ, ವ್ಯತ್ಯಾಸ ಕಂಡಿದ್ದರೂ ಯಾವುದರ ಪಾಲೆಷ್ಟು ಎಂದು ಬಿಡಿಸಿ ಹೇಳುವಂತಿರಲಿಲ್ಲ.